ಹೈನಿನ ಮನೆಯ ಬಾಣಂತಿ

ನನ್ನನ್ನು ಕುಲಗೋಡಕ್ಕೆ ಕೊಟ್ಟಾಗ ಕೊಣ್ಣೂರಿನ ನಮ್ಮ ಓಣಿಯ ಹೆಂಗಸರು ಹೊಟ್ಟೆಕಿಚ್ಚಿನಿಂದ ನೋಡಿದ್ದು ನೆನಪಿದೆ. "ಹೈನಿನ ಮನಿ ಸಿಕ್ಕೈತಿ ನಿನಗ. ಇನ್ನ ಹಾಲಿನಾಗ ಕೈ ತೊಳೀತಿ ಬಿಡು" ಎಂದರು. ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವನ್ನೂ ಸೇರಿಸಿ ನಮ್ಮ ಕಡೆ ಹೈನು ಎನ್ನುತ್ತಾರೆ. ತವರಿನಲ್ಲಿ ನಮಗಿದ್ದದ್ದು ಒಂದೇ ಬಡಕಲು ಆಕಳು. ಅದರ ಕರು ಕುಡಿದು ಉಳಿಸಿದ್ದರಲ್ಲಿ ಅಪ್ಪನ ಊಟಕ್ಕೆ ಒಂದಿಷ್ಟು ಮಜ್ಜಿಗೆಯಾದರೆ ಹೆಚ್ಚು. ಗಂಡನ ಮನೆಯಲ್ಲಿ ಹಾಗಲ್ಲ. ಎಮ್ಮೆಗಳು ಕೊಟ್ಟಿಗೆ ತುಂಬ ನಿಂತಿರುತ್ತಿದ್ದವು. ಅತ್ತೆ ನಸುಕಿನಲ್ಲಿ ಕಡಗೋಲು ಹಿಡಿದು ಕೂತರೆ ಬಿಸಿಲು ಅಂಗಳಕ್ಕೆ ಇಳಿಯುವವರೆಗೂ ಮಜ್ಜಿಗೆ ಕಡೆಯುವ ಸದ್ದು ನಿಲ್ಲುತ್ತಿರಲಿಲ್ಲ. ಬೆಣ್ಣೆ ತೇಲಿದಾಗ ಆಕೆ ಮುಖ ಅರಳಿಸುತ್ತಿದ್ದ ರೀತಿ ಬೇರೆ ಯಾವ ಕೆಲಸದಲ್ಲೂ ಕಾಣುತ್ತಿರಲಿಲ್ಲ.

ಅತ್ತೆಗೆ ನನ್ನ ಗಂಡ ಒಬ್ಬನೇ ಮಗ. ಅವನ ಹಿಂದೆ ಮುಂದೆ ಹುಟ್ಟಿದವು ಕೆಲವು ಹೋಗಿದ್ದವೆಂದು ನೆರೆಮನೆಯವರು ಹೇಳಿದ್ದರು. ಆದರೆ ಮನೆಯಲ್ಲಿ ಆ ಮಾತು ಎಂದೂ ಬಂದದ್ದಿಲ್ಲ. ಬಾಯಿ ಬಿರುಸಾದರೂ ಕೈ ಉದಾರವಾಗಿದ್ದ ಹೆಂಗಸು ಅವಳು. ಉಣ್ಣಲು ಬಡಿಸುವಾಗ ಸಾಕು ಎಂದವರ ಕೈಯನ್ನು ಪಕ್ಕಕ್ಕೆ ಸರಿಸಿ ಬಡಿಸುತ್ತಿದ್ದಳು.

ಮೊದಲನೆಯ ಹೆರಿಗೆಗೆ ನಾನು ಕೊಣ್ಣೂರಿಗೆ ಹೋದೆ. ಗಂಡುಮಗು ಹುಟ್ಟಿತು. ಅವ್ವ ತನ್ನ ಕೈಲಾದ ಪಥ್ಯ ಮಾಡಿದಳು: ಜೋಳದ ನುಚ್ಚು, ಬೆಳ್ಳುಳ್ಳಿ, ಅಜವಾನ, ಬಾಣಂತಿ ಖಾರ, ಹಬ್ಬದ ದಿನ ಮಾತ್ರ ಒಂದು ಚಮಚ ತುಪ್ಪ. ಮಗು ಗುಂಡುಗುಂಡಾಗಿ ಬೆಳೆಯಿತು. ಐದನೇ ತಿಂಗಳಲ್ಲಿ ತೊಟ್ಟಿಲು ಕಟ್ಟಿಕೊಂಡು ಚಕ್ಕಡಿಯಲ್ಲಿ ಕುಲಗೋಡಕ್ಕೆ ಬಂದೆವು. ಅತ್ತೆ ಮೊಮ್ಮಗನಿಗೆ ವಿಭೂತಿ ಹಚ್ಚಿ ಎದೆಗೊತ್ತಿಕೊಂಡಳು. ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ತವರಮನಿಯವರು ಬಾಣಂತಿನ ಒಣಾ ಹಾಕಿ ಕಳಿಸ್ಯಾರ" ಎಂದಳು. ಅಂದಿನಿಂದಲೇ ಬೆಳಿಗ್ಗೆ ಸಂಜೆ ಚರಿಗೆ ತುಂಬ ಎಮ್ಮೆಯ ಹಾಲು, ಅನ್ನದ ಮೇಲೆ ತುಪ್ಪ, ಹಾಲಿನಲ್ಲಿ ಕುದಿಸಿದ ಅಳವಿ ಪಾಯಸ. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಉಂಡದ್ದಿಲ್ಲ.

ಕೆಲವೇ ದಿನಗಳಲ್ಲಿ ಮಗುವಿನ ಗಲ್ಲದ ಮೇಲೆ ಕೆಂಪು ದದ್ದೆದ್ದು ನೀರಾಡತೊಡಗಿತು. ಮೊಲೆ ಕುಡಿದೊಡನೆ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಚೀರುತ್ತಿತ್ತು. ಹೊಟ್ಟೆ ಕೆಟ್ಟು ಹಸಿರು ಹಸಿರಾಗಿ ಹೋಗತೊಡಗಿತು. ಒಂದು ದಿನ ಮಗುವಿಗೆ ಕಟ್ಟಿದ ಅರಿವೆಯಲ್ಲಿ ಲೋಳೆಯ ಜೊತೆ ರಕ್ತದ ಎಳೆಗಳು ಕಂಡವು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಠದ ಐನೋರನ್ನು ಕರೆಸಿ ತಾಯಿತ ಕಟ್ಟಿಸಿದಳು. ಮಗು ಸೊರಗಿದಷ್ಟೂ, ನನ್ನ ಹಾಲಿಗೆ ಶಕ್ತಿ ಸಾಲದೆಂದು ಇನ್ನಷ್ಟು ಹಾಲು ಕುಡಿಸಿದಳು. ನಾನೂ ಕಣ್ಣು ಮುಚ್ಚಿ ಕುಡಿದೆ.

ಕೊನೆಗೆ ಮೂಡಲಗಿಯಿಂದ ಒಬ್ಬ ವೈದ್ಯನನ್ನು ಕರೆತಂದರು. ಆತ ನನ್ನ ಎದೆಹಾಲನ್ನು ಬಟ್ಟಲಿಗೆ ಹಿಂಡಿಸಿ, ಬೆಳಕಿಗೆ ಹಿಡಿದು ನೋಡಿ, "ತಾಯಿ ಹಾಲ ಕೆಟ್ಟೈತಿ. ಮಲಿ ಬಿಡಸ್ರಿ. ಎಮ್ಮಿ ಹಾಲಿಗೆ ನೀರ ಬೆರಸಿ ಹಾಕ್ರಿ" ಎಂದು ಹೇಳಿ ಹೋದ. ಅತ್ತೆ ಬೆಳ್ಳಿಯ ಒಳಲೆಯಲ್ಲಿ ಹಾಲು ಹಾಕತೊಡಗಿದಳು. ಮಗು ಕುಡಿದದ್ದನ್ನೆಲ್ಲ ಕಾರಿತು. ತುಟಿ ಬಾತುಕೊಂಡವು. ನನ್ನ ಎದೆ ಕಟ್ಟಿ ಕಲ್ಲಾಗಿ ರವಿಕೆ ನೆನೆಯುತ್ತಿತ್ತು. ಆ ವಾರ ಕಳೆಯುವುದರೊಳಗೆ ಮಗು ಹೋಯಿತು. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಹಾಲು ಬತ್ತಲೆಂದು ನೆರೆಯ ಮುದುಕಿ ನನ್ನ ಎದೆಗೆ ಮಲ್ಲಿಗೆ ಹೂ ಅರೆದು ಕಟ್ಟಿದಳು. ಮಲ್ಲಿಗೆಯ ವಾಸನೆ ನನಗೆ ಅಂದಿನಿಂದ ಸೇರುವುದಿಲ್ಲ.

ಎರಡನೆಯ ಸಲ ಬಸಿರಾಗುವಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಹೆರಿಗೆ ಕುಲಗೋಡದಲ್ಲಿಯೇ ಆಯಿತು. ಹೆಣ್ಣುಮಗು. ಈ ಸಲ ಮೊದಲ ದಿನದಿಂದಲೇ ಅತ್ತೆಯ ಹಾಲು, ತುಪ್ಪ. ಮಗು ಇನ್ನೂ ತಿಂಗಳಿನದಾಗಿರಲಿಲ್ಲ, ಗಲ್ಲದ ಮೇಲೆ ಅದೇ ದದ್ದು ಎದ್ದಿತು. ಅರಿವೆ ಬಿಚ್ಚುವಾಗಲೆಲ್ಲ ಮುಖ ಆಚೆ ತಿರುಗಿಸಿ ಬಿಚ್ಚುತ್ತಿದ್ದೆ. ನೋಡದಿದ್ದರೆ ಇರಲಾರದೇನೋ ಎಂಬಂತೆ. ಆದರೆ ರಕ್ತ ಬಂದೇ ಬಂತು.

ಆಗಲೇ ಊರಲ್ಲಿ ಇಲಿ ಬೀಳತೊಡಗಿದವು. ಇಲಿ ಬಿದ್ದವೆಂದರೆ ಪಲೇಗು ಬಂತೆಂದೇ ಅರ್ಥ. ಕೆಳಗಿನ ಓಣಿಯಲ್ಲಿ ಒಂದು ಮನೆಯಲ್ಲಿ ಇಬ್ಬರು ತೊಡೆಸಂದಿಗೆ ಗಡ್ಡೆ ಎದ್ದು ಸತ್ತರು. ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ ಹೊಲಗಳಿಗೆ ಹೋಯಿತು. ದಿಬ್ಬದ ಮೇಲಿನ ನಮ್ಮ ಮಡ್ಡಿಯ ಹೊಲದಲ್ಲಿ ಎಮ್ಮೆಗಳಿಗೆ ನೀರಿರಲಿಲ್ಲ. ಅದಕ್ಕೆ ಅತ್ತೆ ಮಾವ ಎಮ್ಮೆಗಳನ್ನು ಹೊಡೆದುಕೊಂಡು ಹಳ್ಳದ ದಂಡೆಯ ಹೊಲಕ್ಕೆ ಹೋದರು. ಹಳ್ಳದ ಥಂಡಿ ಕೂಸಿಗೆ ಆಗದೆಂದು ನಾನು, ನನ್ನ ಗಂಡ, ಮಗು ಮಡ್ಡಿಯಲ್ಲೇ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡೆವು.

ಆ ಗುಡಿಸಲಿನಲ್ಲಿ ನಾವು ಉಂಡದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಕುದಿಸಿದ ಹೆಸರುಕಾಳು, ಅಗಸಿ ಹಿಂಡಿ. ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ಹೋಗುವಂತಿರಲಿಲ್ಲವಾದ್ದರಿಂದ ಹಾಲು ತರುವ ಮಾತೇ ಇರಲಿಲ್ಲ. ಇದು ಮಗುವಿನ ಕೊನೆಯೆಂದೇ ನಾನು ತಿಳಿದಿದ್ದೆ. ಹಾಲು ತುಪ್ಪ ತಿಂದ ತಾಯಿಯ ಮಗುವೇ ಉಳಿಯದಿದ್ದರೆ ಒಣರೊಟ್ಟಿ ತಿಂದವಳ ಮಗು ಉಳಿದೀತೆ?

ಆದರೆ ಮಗು ಚೀರುವುದನ್ನು ನಿಲ್ಲಿಸಿತು. ಮೊದಮೊದಲು ಅದಕ್ಕೆ ಚೀರಲೂ ತ್ರಾಣವಿಲ್ಲವೇನೋ ಎಂದು ಹೆದರಿ ಮೂಗಿಗೆ ಬೆರಳು ಹಿಡಿದು ನೋಡಿದೆ. ಉಸಿರು ನಿರಾಳವಾಗಿತ್ತು. ದದ್ದು ಒಣಗಿ ಹಕ್ಕಳೆಯಾಗಿ ಉದುರಿತು. ಅರಿವೆಯಲ್ಲಿ ರಕ್ತ ಕಾಣದೆ ಎಷ್ಟೋ ದಿನಗಳಾದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಗು ಕಣಿಕೆಯ ಸಂದಿನಿಂದ ಬರುವ ಬಿಸಿಲನ್ನು ನೋಡುತ್ತ ಕೈಯಾಡಿಸುತ್ತಿತ್ತು. ನನ್ನ ಗಂಡ ಬಾಗಿ ನೋಡಿ, "ಏ, ಇದು ಬದಕತೈತಿ" ಎಂದ. ಹೆಚ್ಚು ಮಾತಾಡುವ ಮನುಷ್ಯನಲ್ಲ ಅವನು. ಅಷ್ಟೇ ಹೇಳಿ ಎತ್ತಿಗೆ ಮೇವು ಹಾಕಲು ಹೋದ.

ಪಲೇಗು ಇಳಿದ ಮೇಲೆ ಊರಿಗೆ ಮರಳಿದೆವು. ಅತ್ತೆ ನನ್ನನ್ನು ನೋಡಿ ಹೌಹಾರಿದಳು. "ಏನ ಪಾಡಾಗೈತಿ ನಿಂದು! ಎದಿ ಎಲುಬ ಎಣಸಬೋದು!" ಎಂದು ಅಂದೇ ಸಂಜೆ ಚರಿಗೆ ತಂದು ಮುಂದಿಟ್ಟಳು. ಎಷ್ಟೋ ದಿನದ ಮೇಲೆ ಹಾಲಿನ ವಾಸನೆಗೆ ಬಾಯಲ್ಲಿ ನೀರೂರಿತು. ಕುಡಿದೆ. ಮರುದಿನವೂ ಕುಡಿದೆ. ಅದರ ಮರುದಿನ ಮಗು ಮೊಣಕಾಲು ಎಳೆದುಕೊಂಡು ಚೀರಿತು. ಅರಿವೆ ಬಿಚ್ಚಿದಾಗ ಎಳೆಎಳೆಯಾದ ರಕ್ತ.

ಆಗ ಆ ಅರಿವೆಯನ್ನು ಹಿಡಿದುಕೊಂಡು ಕೂತಲ್ಲೇ ಕೂತೆ. ಕೊಣ್ಣೂರಿನಲ್ಲಿ ಗುಂಡಾಗಿದ್ದ ಮಗ ನೆನಪಾದ. ಇಲ್ಲಿಗೆ ಬಂದ ಮೇಲೆ ಸೊರಗಿದ. ಒಳಲೆಯಲ್ಲಿ ಎಮ್ಮೆಯ ಹಾಲನ್ನೇ ಹಾಕಿದಾಗ ಹೋಗಿಬಿಟ್ಟ. ಮಡ್ಡಿಯಲ್ಲಿ ಈ ಮಗು ಚೇತರಿಸಿಕೊಂಡಿತು. ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಈಗಿನವರು ಇದಕ್ಕೆ ಅಲರ್ಜಿ ಎನ್ನುತ್ತಾರೆ. ಆಗ ಹೀಗೆಂದು ಹೇಳಲು ನನ್ನ ಬಳಿ ಯಾವ ಮಾತೂ ಇರಲಿಲ್ಲ.

"ಅತ್ತಿ, ನನಗ ಒಂದೀಟ ದಿನಾ ಹಾಲ ಬ್ಯಾಡ್ರಿ" ಎಂದೆ.

"ಯಾಕ?"

"ನಾ ಕುಡದ್ರ ಕೂಸಿಗೆ ಆಗೂದಿಲ್ಲ ಅನಸ್ತೈತ್ರಿ."

ಆಕೆ ಮೊದಲು ನಕ್ಕಳು. "ಕುಡಿಯಾಕಿ ನೀನು. ಕೂಸಿಗೆ ಹೆಂಗ ಆಗೂದಿಲ್ಲ?" ನಾನು ಮಡ್ಡಿಯ ಹೊಲದ ಮಾತು ತೆಗೆದಾಗ ನಗು ಹೋಯಿತು. "ಈ ಮನಿ ನಿಂತಿದ್ದ ಎಮ್ಮಿ ಹಾಲಿನ ಮ್ಯಾಲ. ಅದರಾಗ ವಿಷಾ ಐತಿ ಅಂತ ಊರ ಮುಂದ ಹೇಳ್ತಿ ಏನು? ಹಾಲ ಬಿಟ್ಟ ಬಾಣಂತಿ ಎದ್ಯಾಗ ಹಾಲ ಎಲ್ಲಿಂದ ಬರ್ತಾವ? ಒಂದನ್ನ ಕಳಕೊಂಡೀದಿ, ಸಾಲಲಿಲ್ಲೇನು?"

ಅಂದಿನ ಹಾಲು ನನ್ನ ಮುಂದೆಯೇ ಇತ್ತು. ಚರಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಕರುವಿನ ಬಾನಿಗೆ ಸುರಿದು ಬಂದೆ. ಆಕೆ ಅದನ್ನು ನೋಡಿದಳು. ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು. ಆದರೂ ಊಟಕ್ಕೆ ಕೂತಾಗ ಅನ್ನದ ಮೇಲೆ ತುಪ್ಪ ಬೀಳುತ್ತಲೇ ಇತ್ತು. ಎದ್ದು ಹೋದರೆ ಅನ್ನಕ್ಕೆ ಅವಮಾನ, ಉಂಡರೆ ಮಗುವಿಗೆ ಮರಣ.

ಗಂಡನಿಗೆ ಹೇಳಿದೆ. ಅವನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತ. "ಮಡ್ಡ್ಯಾಗ ಅಕಿ ಚಲೋ ಇದ್ದಳು. ನಾನೂ ನೋಡೇನಿ. ಆದ್ರ ಅವ್ವಗ ಎಷ್ಟ ಹೇಳಿದ್ರೂ ತಲ್ಯಾಗ ಹೋಗೂದಿಲ್ಲ. ನೀ ಒಂದ ಕೆಲಸಾ ಮಾಡು. ಹರಕಿ ಹೊರು. ದೇವರ ಮುಂದ ಅಂದ ಮಾತಿಗೆ ಅವ್ವ ಅಡ್ಡ ಬರೂದಿಲ್ಲ."

ಮುಂದಿನ ಸೋಮವಾರ ಮಗುವನ್ನು ಎತ್ತಿಕೊಂಡು ಊರ ಬಸವಣ್ಣನ ಗುಡಿಗೆ ಹೋಗಿ, ನಾಲ್ಕು ಜನ ಕೇಳುವಂತೆ, ಮಗಳು ಮೊಲೆ ಬಿಡುವತನಕ ಹೈನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತೆ. ಅತ್ತೆಯ ಮುಖ ಕಪ್ಪಿಟ್ಟಿತು. ಆದರೂ ಅಂದಿನಿಂದ ನನ್ನ ತಾಟಿನಲ್ಲಿ ಬಿಳಿಯದೇನೂ ಬೀಳಲಿಲ್ಲ. ಮಗು ಮತ್ತೆ ಗೆಲುವಾಯಿತು. ನಾನು ದೇವರಿಗೂ ಗಂಡನಿಗೂ ಮನಸ್ಸಿನಲ್ಲಿ ಕೈ ಮುಗಿದೆ.

ಅದು ಬಹಳ ದಿನ ಉಳಿಯಲಿಲ್ಲ. ಹರಕೆ ಹೊತ್ತ ತಿಂಗಳೊಳಗೆ ದದ್ದು, ಚೀರಾಟ, ರಕ್ತ ಎಲ್ಲ ಮರಳಿ ಬಂದವು. ನಾನು ಒಂದು ತೊಟ್ಟು ಹಾಲು ಮುಟ್ಟಿರಲಿಲ್ಲ. ಹಾಗಾದರೆ ಹಾಲಲ್ಲ, ಮತ್ತೇನೋ ಇರಬೇಕು. ಪುಂಡಿಪಲ್ಯದ ಹುಳಿಯೋ? ಬಿಟ್ಟೆ. ಕಾಳು ವಾಯುವೋ? ಅದನ್ನೂ ಬಿಟ್ಟೆ. ಶೇಂಗಾ, ಬೆಳ್ಳುಳ್ಳಿ, ಖಾರ, ಒಂದೊಂದಾಗಿ ತಾಟಿನಿಂದ ಹೋದವು. ಕೊನೆಗೆ ಉಳಿದದ್ದು ರೊಟ್ಟಿ ಮತ್ತು ಉಪ್ಪು. ಮಗುವಿನ ಹೊಟ್ಟೆ ನಿಲ್ಲಲಿಲ್ಲ. ನನ್ನ ಎದೆಯೂ ಬತ್ತುತ್ತ ಬಂತು. ಕುಡಿಯುತ್ತ ಕುಡಿಯುತ್ತ ಮಗು ಹಾಲು ಸಿಗದೆ ಕಚ್ಚಿ ಎಳೆಯುತ್ತಿತ್ತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ನೀರು ಸೇದಲು ಬಾವಿಗೆ ಹೋದವಳು ಹಗ್ಗ ಹಿಡಿದೇ ಕುಸಿದೆ. ಅಕ್ಕಪಕ್ಕದವರು ಹಿಡಿಯದಿದ್ದರೆ ಒಳಗೆ ಬೀಳುತ್ತಿದ್ದೆ. ಆ ದಿನಗಳಲ್ಲಿ ಅತ್ತೆ ಹೆಚ್ಚು ಅಕ್ಕರೆಯಿಂದಿದ್ದಳು. ನನ್ನ ರೊಟ್ಟಿಯನ್ನು ಬೇರೆಯಾಗಿ ತಾನೇ ಬಡಿಯುತ್ತಿದ್ದಳು. ಆ ರೊಟ್ಟಿ ಎಷ್ಟು ಮೆತ್ತಗಿರುತ್ತಿತ್ತೆಂದರೆ ನಾನು ಒಮ್ಮೆ, "ನಿಮ್ಮ ಕೈ ರೊಟ್ಟಿ ಬೆಣ್ಣೀಹಂಗ ಅದಾವ್ರಿ ಅತ್ತಿ" ಎಂದಿದ್ದೆ. ಆಕೆ ತಲೆ ಬಗ್ಗಿಸಿ ಒಲೆಗೆ ಕುಳ್ಳು ಒಟ್ಟಿದಳು.

ಒಂದು ಬೆಳಿಗ್ಗೆ ಮಗುವಿನ ಅರಿವೆ ಒಗೆಯಲು ಬೂದಿ ಬೇಕಾಗಿ ಅಡಿಗೆಮನೆಗೆ ಹೋದೆ. ಅತ್ತೆ ಬೆನ್ನು ಮಾಡಿ ಕೂತು ನನ್ನ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸುವುದು ರೂಢಿ. ಆಕೆ ಸುರಿಯುತ್ತಿದ್ದದ್ದು ಹಾಲು.

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಕೆ ತಿರುಗಿ ನೋಡಿದಳು. ಕೈಯಲ್ಲಿದ್ದ ಪಾತ್ರೆಯನ್ನು ಅಡಗಿಸಲು ಹೋಗಲಿಲ್ಲ.

"ಹೌದು, ನಾನ ಹಾಕೇನಿ" ಎಂದಳು. "ನಿನ್ನ ಹರಕಿ ಮುರಿಯಾಕಲ್ಲ. ಪಾಪ ಬಂದ್ರ ನನಗ ಬರಲಿ ಅಂತ ದಿನಾ ಬಸವಣ್ಣಗ ಕೈ ಮುಗದ ಕಲಸೇನಿ. ನೀ ಸಾಯ್ತಿ ಹಿಂಗಾದ್ರ. ನೀ ಸತ್ತರ ಆ ಕೂಸಿಗೆ ಮಲಿ ಕೊಡಾವ್ರ ಯಾರು?"

ನನ್ನ ಕೈಯಲ್ಲಿ ಆ ಅರಿವೆ ಇತ್ತು. ಅದನ್ನು ಅವಳ ಮುಂದೆ ನೆಲದ ಮೇಲೆ ಹಾಸಿದೆ. "ನೋಡ್ರಿ ಅತ್ತಿ. ನೀವ ಹಾಲ ಹಾಕಿದ್ದ ನನಗ ಗೊತ್ತಿರಲಿಲ್ಲ. ಕೂಸಿಗೆ ಗೊತ್ತಾಗೈತಿ."

ಆಕೆ ಹಿಟ್ಟಿನ ಕೈಯಲ್ಲೇ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಇಷ್ಟು ದಿನ ಮಗುವಿನ ಅರಿವೆಗಳನ್ನು ಒಗೆಯುತ್ತಿದ್ದವಳು ನಾನೇ. ಮೊದಲ ಮಗುವಿನದನ್ನೂ ನಾನು ಆಕೆಗೆ ತೋರಿಸಿರಲಿಲ್ಲ. ಭೇದಿಯಾಗುತ್ತದೆ, ರಕ್ತ ಬೀಳುತ್ತದೆ ಎಂದು ಬಾಯಿಂದ ಹೇಳಿದ್ದಷ್ಟೇ. ಈಗ ಆಕೆ ಕೇಳಿದಳು: "ಮೊದಲ ನೊರಿ ನೊರಿ ಬರತೈತೇನು? ಆಮ್ಯಾಲ ಹಿಂಗ ಎಳಿ ಎಳಿ?"

"ಹೌದ್ರಿ."

"ಗಲ್ಲ ಮೊದಲ ಕೆಂಪಾಗ್ತಾವ. ಆಮ್ಯಾಲ ಕಿವಿ ಹಿಂದ ಒಡೀತೈತಿ."

ಅದು ಪ್ರಶ್ನೆಯಾಗಿರಲಿಲ್ಲ. ಕಿವಿಯ ಹಿಂದಿನ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆಕೆ ಗೋಡೆಗೆ ಒರಗಿ ಕೂತಳು. "ನನ್ನವೂ ಹಿಂಗ ಹೋದವು" ಎಂದಳು. "ನಿನ್ನ ಗಂಡಗಿಂತ ಮೊದಲ ಎರಡು, ಇವನ ಮ್ಯಾಲ ಒಂದು. ನಮ್ಮತ್ತಿ ನನಗ ಚರಿಗಿ ತುಂಬ ಕುಡಸ್ತಿದ್ದಳು. ಕೂಸ ಅತ್ತಂಗೆಲ್ಲ ಇನ್ನೊಂದ ಚರಿಗಿ. ಇವ ಹುಟ್ಟಿದ ವರ್ಷ ದನಕ್ಕ ರೋಗ ಬಂದು ಕೊಟಗಿ ಖಾಲಿ ಆಗಿತ್ತು. ಬಾಣಂತ್ಯಾನದಾಗ ನನಗ ಮಜ್ಜಿಗಿ ಸೈತ ಸಿಗಲಿಲ್ಲ. ಇವ ಒಬ್ಬ ಉಳದ."

ಒಲೆಯ ಮೇಲೆ ಹಂಚು ಕಾದು ಹೊಗೆಯಾಡುತ್ತಿತ್ತು. ಇಬ್ಬರೂ ಅದನ್ನು ಇಳಿಸಲಿಲ್ಲ. ಆಕೆ ಅಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕಲಸಿದ ಹಿಟ್ಟನ್ನು ಹೊರಗೆ ಒಯ್ದು ಎಮ್ಮೆಗೆ ಹಾಕಿದಳು. ಪರಾತವನ್ನು ಬೂದಿ ಹಚ್ಚಿ ತಿಕ್ಕಿದಳು. ಮತ್ತೆ ಮತ್ತೆ ತಿಕ್ಕಿದಳು.

ಅಂದಿನಿಂದ ನನ್ನ ಅಡಿಗೆಗೆ ಹೊಸ ಗಡಿಗೆ, ಹೊಸ ಹಂಚು ಬಂದವು. ಹಾಲು ಮುಟ್ಟಿದ ಕೈಯನ್ನು ತೊಳೆಯದೆ ಯಾರೂ ನನ್ನ ಗಡಿಗೆ ಮುಟ್ಟುವಂತಿರಲಿಲ್ಲ. ಬಿಟ್ಟಿದ್ದ ಕಾಳು, ಪಲ್ಯ, ಶೇಂಗಾಗಳನ್ನು ಅತ್ತೆ ಒಂದೊಂದಾಗಿ ನನ್ನ ತಾಟಿಗೆ ಮರಳಿ ತಂದಳು. ಒಂದು ತಿನ್ನಿಸಿ ಎರಡು ಮೂರು ದಿನ ಕಾಯುವಳು, ಅರಿವೆಯನ್ನು ತಾನೇ ಬಿಚ್ಚಿ ನೋಡುವಳು, ಆಮೇಲೆ ಮುಂದಿನದು. ಶೇಂಗಾ ತಿಂದಾಗ ಮಗುವಿನ ಮೈಗೆ ತುರಿಕೆಯ ಗಂಧೆ ಎದ್ದಿತು. ಅದನ್ನೂ ಬಿಟ್ಟೆವು. ಉಳಿದವು ಒಗ್ಗಿದವು. ತುಪ್ಪದ ಬದಲು ಎಳ್ಳೆಣ್ಣೆ ಹಾಕುತ್ತಿದ್ದಳು. ಗೋಕಾಕದ ಸಂತೆಯಿಂದ ನನ್ನ ಗಂಡ ಎಳ್ಳು, ಖಾರೀಕು ಎನ್ನುವ ಒಣ ಖರ್ಜೂರ ತರುತ್ತಿದ್ದ. ನೆರೆಯವರು, "ಹೈನಿನ ಮನ್ಯಾಗ ಸೊಸಿಗೆ ಮಜ್ಜಿಗಿ ಕೊಡೂದಿಲ್ಲಂತ" ಎಂದು ಆಡಿಕೊಂಡರು. ಅತ್ತೆ ಅದನ್ನು ಕೇಳಿಸಿಕೊಂಡಳು. ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದ್ದರೆ ತನ್ನ ಮೂರರದ್ದೂ ಹೇಳಬೇಕಾಗುತ್ತಿತ್ತು.

ಮಗು ಉಳಿಯಿತು. ಉಳಿಯಿತು ಎಂದಷ್ಟೇ ಹೇಳಬೇಕು. ಕೂರುವುದು, ನಿಲ್ಲುವುದು ಎಲ್ಲ ತಡವಾದವು. ಒಂದು ಮದುವೆಯ ಮನೆಯಲ್ಲಿ ಯಾರೋ ಅಕ್ಕರೆಯಿಂದ ಹಾಲಿನ ಪಾಯಸದಲ್ಲಿ ಅದ್ದಿದ ಬೆರಳನ್ನು ಅದರ ಬಾಯಿಗಿಟ್ಟರು. ನೋಡನೋಡುತ್ತ ತುಟಿ ಬಾತು, ಕಣ್ಣು ಮುಚ್ಚಿಹೋಗಿ, ಉಸಿರು ಸಿಳ್ಳೆ ಹೊಡೆಯತೊಡಗಿತು. ಚಪ್ಪರದ ಕೆಳಗೆ ಮಗುವನ್ನು ಬೆನ್ನು ಮೇಲಾಗಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಸುತ್ತ ನಿಂತವರು ಬಾಯಿಗೊಂದು ಹೇಳುತ್ತಿದ್ದರು. ಬಹಳ ಹೊತ್ತಿನ ಮೇಲೆ ಕಾರಿಕೊಂಡು ಉಸಿರಾಡಿತು. ಆಮೇಲೆ ನಾನು ಅದನ್ನು ಯಾರ ಕೈಗೂ ಕೊಡಲಿಲ್ಲ. ಮೂರನೆಯ ವರ್ಷ ನಡೆಯುತ್ತಿದ್ದರೂ ಮೊಲೆ ಬಿಡಿಸಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ನನ್ನ ಹಲ್ಲುಗಳು ಅಲುಗಾಡತೊಡಗಿದ್ದವು. ಇಪ್ಪತ್ತೈದು ತುಂಬುವ ಮೊದಲೇ ದವಡೆಯ ಹಲ್ಲು ಬಿದ್ದವು. ಸೊಂಟದ ನೋವು ಅಂದು ಬಂದದ್ದು ಇಂದಿಗೂ ಹೋಗಿಲ್ಲ. ಆ ಮಗಳನ್ನು ಮುಂದೆ ಹುಕ್ಕೇರಿಗೆ ಕೊಟ್ಟೆವು. ಈಗಲೂ ಅವಳು ಹಾಲು ಮುಟ್ಟುವುದಿಲ್ಲ.

ಮಗಳು ಮೊಲೆ ಬಿಟ್ಟ ಎರಡು ವರ್ಷಕ್ಕೆ ಒಬ್ಬ ಮಗ ಹುಟ್ಟಿದ. ಈ ಸಲ ಹರಕೆ ಇರಲಿಲ್ಲ. ಆದರೂ ನಾನು ಹೈನು ಮುಟ್ಟಲಿಲ್ಲ. ಮಗು ಚೆನ್ನಾಗಿತ್ತು. ಕೆಲವು ತಿಂಗಳಾದ ಮೇಲೆ ಅತ್ತೆಯೇ ಒಂದು ದಿನ, "ಒಂದ ಗುಟಕ ಕುಡದ ನೋಡು" ಎಂದು ಬಟ್ಟಲು ಮುಂದಿಟ್ಟಳು. ಕುಡಿದೆ. ಮೂರು ದಿನ ಇಬ್ಬರೂ ಅರಿವೆ ನೋಡಿದೆವು. ಏನೂ ಆಗಲಿಲ್ಲ. ಇನ್ನಷ್ಟು ಕುಡಿದೆ. ಏನೂ ಆಗಲಿಲ್ಲ. ಆ ಹುಡುಗ ಹಾಲು, ಬೆಣ್ಣೆ ತಿಂದೇ ಬೆಳೆದ.

ಅವನಿಗೆ ಆಗ ವರ್ಷ ತುಂಬಿರಬಹುದು. ಅಂಗಳದಲ್ಲಿ ಬೆಣ್ಣೆಯ ಉಂಡೆ ಹಿಡಿದು ಮೈತುಂಬ ಬಳಿದುಕೊಂಡು ಕೂತಿದ್ದ. ಅತ್ತೆ ಅವನನ್ನೇ ನೋಡುತ್ತಿದ್ದಳು. ಆಗಲೇ ಅವಳಿಗೆ ಕಾಲು ಬಾತು, ಕಡಗೋಲು ಹಿಡಿಯುವುದು ಬಿಟ್ಟಾಗಿತ್ತು. ತಟ್ಟನೆ ನನ್ನ ಕಡೆ ತಿರುಗಿ, "ಇವಗ ಏನೂ ಆಗಲಿಲ್ಲಲಾ?" ಎಂದಳು.

"ಇಲ್ಲರಿ."

"ಹಂಗಾದ್ರ ನನ್ನವು ಹಾಲಿನಿಂದ ಹೋಗಿರಲಿಕ್ಕಿಲ್ಲ. ಅಲ್ಲೇನು? ಬ್ಯಾರೆ ಏನರ ಇದ್ದಿರಬೇಕು."

ನಾನು ಸೆರಗಿನಿಂದ ಮಗುವಿನ ಕೈ ಒರೆಸುತ್ತಿದ್ದೆ. ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಇರಲಿಕ್ಕಿಲ್ಲರಿ ಅತ್ತಿ" ಎಂದೆ. "ಬ್ಯಾರೆ ಏನೋ ಇದ್ದಿರಬೇಕು."

ಆಕೆ ತಲೆಯಾಡಿಸಿ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ನಾನು ನಂಬಿದ್ದು ಬೇರೆ. ನನ್ನ ಮೊದಲ ಮಗ ಬದುವಿನಲ್ಲಿ ಮಲಗಿದ್ದ, ಅವನ ವಿಷಯದಲ್ಲಿ ನನಗೆ ಅಂಥ ಮಾತು ಹೇಳುವವರು ಯಾರೂ ಇರಲಿಲ್ಲ. ಬಿಸಿಲು ಏರುತ್ತಿತ್ತು. ಮಗುವನ್ನು ಎತ್ತಿಕೊಂಡು ನೀರು ಹಾಕಲು ಬಚ್ಚಲಿಗೆ ಹೋದೆ.